ಕೋರ್ಸ್ ಮುಗಿಸಿದವರ ಕೈಗೆ ಒಂದು ಲಾಗ್ ಫೈಲ್ ಕೊಟ್ಟು ನೋಡಿ

ಟೆಲಿಕಾಂ ಮತ್ತು ವೈರ್‌ಲೆಸ್ ನೆಟ್‌ವರ್ಕ್ ತರಬೇತಿ ಕೋರ್ಸ್‌ಗಳನ್ನು ರೂಪಿಸುವವರಿಗೆ, ಕಲಿಸುವವರಿಗೆ, ಆ ಸರ್ಟಿಫಿಕೇಟ್ ನೋಡಿ ಕೆಲಸ ಕೊಡುವವರಿಗೆ,

ನಮಸ್ಕಾರ.

ನಾನು ಮೊಬೈಲ್ ನೆಟ್‌ವರ್ಕ್‌ಗಳ ರೇಡಿಯೋ ಭಾಗವನ್ನು ಸರಿಪಡಿಸುವ ಕೆಲಸದಲ್ಲಿ ಇರುವವನು. ಹೊಸದಾಗಿ ಸೇರುವ ಎಂಜಿನಿಯರ್‌ಗಳ ಜೊತೆ ಕೂತು ಕೆಲಸ ಕಲಿಸುವುದೂ ನನ್ನ ಪಾಲಿಗೆ ಬರುತ್ತದೆ. ಅವರಲ್ಲಿ ಬಹಳಷ್ಟು ಜನ ನಿಮ್ಮ ಕೋರ್ಸ್ ಮುಗಿಸಿಯೇ ಬಂದಿರುತ್ತಾರೆ. ಒಳ್ಳೆಯ ಹುಡುಗ ಹುಡುಗಿಯರು, ಚುರುಕಾಗಿ ಇದ್ದಾರೆ, ಕಲಿಯುವ ಆಸೆಯೂ ಇದೆ. ಆದರೆ ಬಂದ ಮೊದಲ ವಾರದಲ್ಲೇ ಅವರಿಗೆ ಒಂದು ವಿಷಯ ಅರ್ಥವಾಗುತ್ತದೆ. ತಾವು ಕಲಿತದ್ದು ನೆಟ್‌ವರ್ಕಿನ ಭಾಗಗಳ ಹೆಸರುಗಳನ್ನು, ನೆಟ್‌ವರ್ಕ್ ಕೆಟ್ಟಾಗ ಏನು ಮಾಡಬೇಕು ಅನ್ನುವುದನ್ನಲ್ಲ. ಆಗ ಅವರ ಮುಖ ನೋಡಲು ನನಗೆ ಕಷ್ಟವಾಗುತ್ತದೆ. ತಪ್ಪು ಅವರದ್ದಲ್ಲ. ಅದಕ್ಕೇ ಈ ಪತ್ರ ನಿಮಗೆ.

ಕೇಳುವುದು ಒಂದೇ. ಕೋರ್ಸಿನ ಕೊನೆಯ ಪರೀಕ್ಷೆಯನ್ನು ಬದಲಾಯಿಸಿ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಟಿಕ್ ಹಾಕುವ ಪ್ರಶ್ನೆಪತ್ರಿಕೆಯ ಬದಲು, ಕೆಟ್ಟಿರುವ ಒಂದು ನೆಟ್‌ವರ್ಕಿನ ಲಾಗ್ ಫೈಲ್, ಅಂದರೆ ಅಲ್ಲಿ ನಡೆದದ್ದೆಲ್ಲ ಕ್ರಮವಾಗಿ ದಾಖಲಾದ ಫೈಲ್, ಕೊಡಿ. ಎಲ್ಲಿ ಕೆಟ್ಟಿದೆ, ಯಾಕೆ ಕೆಟ್ಟಿದೆ, ಖಚಿತ ಮಾಡಿಕೊಳ್ಳಲು ಮುಂದೆ ಏನು ನೋಡುತ್ತೀರಿ ಅಂತ ಕೇಳಿ. ಪರೀಕ್ಷೆ ಹೀಗಿದೆ ಅಂದಮೇಲೆ ಅದಕ್ಕೆ ತಯಾರು ಮಾಡುವ ಪಾಠಗಳೂ ತಾನಾಗಿಯೇ ಬದಲಾಗುತ್ತವೆ.

ಯಾವ ಥರದ ಲಾಗ್ ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ. ಒಂದು ಡ್ರೈವ್ ಟೆಸ್ಟ್. ಕಾರಿನಲ್ಲಿ ಫೋನ್ ಇಟ್ಟುಕೊಂಡು ಒಂದು ರಸ್ತೆಯಲ್ಲಿ ಹೋಗಿದ್ದಾರೆ. ಫೋನ್ ಕರೆಯಲ್ಲಿದೆ. ಅದು ಅಂಟಿಕೊಂಡಿರುವ ಸೆಲ್‌ನ (ಬೇಸ್ ಸ್ಟೇಷನ್, ಅಂದರೆ ಟವರ್, ಸಿಗ್ನಲ್ ಕೊಡುವ ಒಂದು ಪ್ರದೇಶದ) ಸಿಗ್ನಲ್, ಅಂದರೆ ಆರ್‌ಎಸ್‌ಆರ್‌ಪಿ, ಮೈನಸ್ 95 ಡಿಬಿಎಂನಿಂದ ನಿಧಾನವಾಗಿ ಮೈನಸ್ 112ಕ್ಕೆ ಇಳಿಯುತ್ತದೆ. ಡಿಬಿಎಂ ಅನ್ನುವುದು ಶಕ್ತಿಯ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ. ಅಷ್ಟರಲ್ಲಿ ಪಕ್ಕದ ಸೆಲ್ ಮೈನಸ್ 98ರಲ್ಲಿ ಚೆನ್ನಾಗಿ ಕಾಣುತ್ತಿದೆ. ಫೋನ್ ಎ3 ಮೆಶರ್‌ಮೆಂಟ್ ರಿಪೋರ್ಟ್ ಕಳಿಸುತ್ತದೆ. ‘ಪಕ್ಕದವನು ನಿನಗಿಂತ ಚೆನ್ನಾಗಿ ಕೇಳಿಸುತ್ತಿದ್ದಾನೆ, ನನ್ನನ್ನು ಅಲ್ಲಿಗೆ ಕಳಿಸು’ ಅನ್ನುವ ಸಂದೇಶ ಅದು. ಉತ್ತರ ಬರುವುದಿಲ್ಲ. ಮತ್ತೆ ಕಳಿಸುತ್ತದೆ. ಮತ್ತೂ ಇಲ್ಲ. ಎಸ್‌ಐಎನ್‌ಆರ್, ಅಂದರೆ ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟಿದೆ ಅನ್ನುವ ಅಳತೆ, ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸಂಪರ್ಕ ಕೆಟ್ಟಾಗ ಅದು ಸರಿಹೋಗಲು ಫೋನ್ ಎಷ್ಟು ಹೊತ್ತು ಕಾಯಬೇಕು ಅಂತ ಅಳೆಯುವ ಟಿ310 ಟೈಮರ್ ಶುರುವಾಗಿ ಮುಗಿಯುತ್ತದೆ. ಫೋನ್ ಮರುಸಂಪರ್ಕಕ್ಕೆ ಕೇಳುತ್ತದೆ, ಅದು ತಿರಸ್ಕಾರವಾಗುತ್ತದೆ. ಕಾಲ್ ಡ್ರಾಪ್.

ನಿಮ್ಮ ವಿದ್ಯಾರ್ಥಿಯ ಮುಂದೆ ಇದನ್ನು ಇಟ್ಟರೆ ಏನಾಗುತ್ತದೆ? ‘ಸಿಗ್ನಲ್ ಕಡಿಮೆ ಇತ್ತು ಸರ್, ಅದಕ್ಕೇ ಡ್ರಾಪ್ ಆಯ್ತು’ ಅನ್ನುತ್ತಾರೆ. ಇದು ಅರ್ಧ ಉತ್ತರವೂ ಅಲ್ಲ. ಮೈನಸ್ 98ರ ಸೆಲ್ ಪಕ್ಕದಲ್ಲೇ ಇತ್ತು. ಸಿಗ್ನಲ್ ಇತ್ತು, ಅದರ ಹತ್ತಿರ ಫೋನನ್ನು ಯಾರೂ ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಅನ್ನುವುದೇ ಪ್ರಶ್ನೆ.

ಇಲ್ಲಿಂದ ಕೆಲಸ ಶುರು. ಬೇಸ್ ಸ್ಟೇಷನ್ನಿನ ನೈಬರ್ ಪಟ್ಟಿಯಲ್ಲಿ ಆ ಸೆಲ್ ಇಲ್ಲದೆ ಇರಬಹುದು. ಪಟ್ಟಿಯಲ್ಲಿ ಇದ್ದರೂ ಅದೇ ಪಿಸಿಐ, ಅಂದರೆ ಸೆಲ್‌ನ ಗುರುತಿನ ಸಂಖ್ಯೆ, ಇರುವ ಇನ್ನೊಂದು ಸೆಲ್ ಸುತ್ತಮುತ್ತ ಇರಬಹುದು. ಎಲ್‌ಟಿಇಯಲ್ಲಿ (ಅಂದರೆ 4ಜಿಯಲ್ಲಿ) ಪಿಸಿಐ ಇರುವುದು ಬರೀ 504, 5ಜಿಯಲ್ಲಿ 1008. ಸಾವಿರಾರು ಸೆಲ್‌ಗಳು ಇವನ್ನೇ ಮತ್ತೆ ಮತ್ತೆ ಹಂಚಿಕೊಳ್ಳಬೇಕು. ಹಂಚಿಕೆ ತಪ್ಪಿದರೆ ಬೇಸ್ ಸ್ಟೇಷನ್ ಬೇರೆ ಯಾವುದೋ ದೂರದ ಸೆಲ್‌ಗೆ ಹ್ಯಾಂಡೋವರ್, ಅಂದರೆ ಕರೆ ಕಡಿಯದೆ ಫೋನನ್ನು ಒಪ್ಪಿಸುವ, ತಯಾರಿ ಮಾಡುತ್ತದೆ. ಅಥವಾ ಪಕ್ಕದ ಸೆಲ್‌ನಲ್ಲಿ ಜಾಗವೇ ಇಲ್ಲದೆ ಅದು ಬೇಡ ಅಂದಿರಬಹುದು. ಅಥವಾ ಫೋನ್ ಕಳಿಸಿದ ರಿಪೋರ್ಟ್ ಬೇಸ್ ಸ್ಟೇಷನ್‌ಗೆ ತಲುಪಿಯೇ ಇಲ್ಲ. ಅಥವಾ ಎಲ್ಲ ಸರಿಯಾಗಿ ನಡೆದು, ಹ್ಯಾಂಡೋವರ್ ಆದೇಶ ಹೊರಟಿತ್ತು, ಆದರೆ ಅಷ್ಟು ಹೊತ್ತಿಗೆ ಡೌನ್‌ಲಿಂಕ್, ಅಂದರೆ ಟವರಿನಿಂದ ಫೋನಿಗೆ ಬರುವ ದಾರಿ, ಕೆಟ್ಟು ಫೋನಿಗೆ ಅದನ್ನು ಓದಲು ಆಗಲಿಲ್ಲ. ಹಾಗಿದ್ದರೆ ಎ3 ಆಫ್‌ಸೆಟ್ (ಪಕ್ಕದ ಸೆಲ್ ಎಷ್ಟು ಚೆನ್ನಾಗಿರಬೇಕು) ಅಥವಾ ಟೈಮ್ ಟು ಟ್ರಿಗರ್ (ಎಷ್ಟು ಹೊತ್ತು ಹಾಗಿರಬೇಕು) ಜಾಸ್ತಿ ಇಟ್ಟಿದ್ದಾರೆ, ಹ್ಯಾಂಡೋವರ್ ತಡವಾಗುತ್ತಿದೆ ಅಂತ ಅರ್ಥ.

ಫೋನಿನ ಕಡೆಯಿಂದ ನೋಡಿದರೆ ಇವೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಕಾರಣಗಳನ್ನು ಬೇರೆ ಮಾಡಬೇಕಾದರೆ ಬೇಸ್ ಸ್ಟೇಷನ್ ಕಡೆಯ ಲಾಗ್ ಬೇಕು. ರಿಪೋರ್ಟ್ ಬಂತಾ? ಬಂದಮೇಲೆ ಯಾರಿಗೆ ಹ್ಯಾಂಡೋವರ್ ಕೇಳಿತು? ಆ ಕಡೆಯಿಂದ ಒಪ್ಪಿಗೆ ಬಂತಾ? ಆದೇಶ ಹೊರಟಿತಾ? ‘ನನ್ನ ಹತ್ತಿರ ಇರುವ ಮಾಹಿತಿ ಇದಕ್ಕೆ ಸಾಲದು, ನನಗೆ ಇನ್ನೊಂದು ಕಡೆಯ ಲಾಗ್ ಬೇಕು’ ಅಂತ ಹೇಳುವ ವಿದ್ಯಾರ್ಥಿ ನನಗೆ ಸಿಕ್ಕರೆ ಅವರನ್ನು ಅವತ್ತೇ ಕೆಲಸಕ್ಕೆ ತೆಗೆದುಕೊಳ್ಳಲು ಶಿಫಾರಸು ಮಾಡುತ್ತೇನೆ. ಎನ್ಎಸ್ಎ (4ಜಿಯ ಆಸರೆಯಲ್ಲಿ ಓಡುವ 5ಜಿ) ಅಂದರೇನು, ಎಸ್ಎ (ತಾನೇ ಪೂರ್ತಿ ನಿಲ್ಲುವ 5ಜಿ) ಅಂದರೇನು ಅನ್ನುವುದನ್ನು ಕೆಲಸ ಮಾಡುತ್ತಾ ಹೇಳಿಕೊಡಬಹುದು. ಇಂಥ ಯೋಚನೆಯ ಅಭ್ಯಾಸ ಬರಲು ಕಾಲ ಬೇಕು. ಆ ಕಾಲ ಇರುವುದು ನಿಮ್ಮ ತರಗತಿಯಲ್ಲಿ.

ಈಗ ಬುನಾದಿಯ ಮಾತು. ಡೆಸಿಬೆಲ್.

ಬಹಳ ಕೋರ್ಸ್‌ಗಳಲ್ಲಿ ಇದಕ್ಕೆ ಒಂದೇ ಒಂದು ಸ್ಲೈಡ್. ಆಮೇಲೆ ನೇರ 5ಜಿಯ ಆರ್ಕಿಟೆಕ್ಚರ್ ಚಿತ್ರಕ್ಕೆ ಹಾರುತ್ತಾರೆ. ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ. ಒಂದೇ ಜಾಗಕ್ಕೆ 30 ಡಿಬಿಎಂನ ಎರಡು ಸಿಗ್ನಲ್ ಬರುತ್ತಿವೆ, ಒಟ್ಟು ಎಷ್ಟು? 60 ಅನ್ನುವವರು ತುಂಬಾ ಜನ. 30 ಡಿಬಿಎಂ ಅಂದರೆ 1 ವ್ಯಾಟ್. ಎರಡು ಸೇರಿದರೆ 2 ವ್ಯಾಟ್, ಅಂದರೆ 33 ಡಿಬಿಎಂ. 60 ಡಿಬಿಎಂ ಅಂದರೆ 1000 ವ್ಯಾಟ್! ಎರಡು ವ್ಯಾಟಿಗೂ ಸಾವಿರ ವ್ಯಾಟಿಗೂ ವ್ಯತ್ಯಾಸ ಕಾಣದವರನ್ನು ಟವರ್ ಹತ್ತಿರ ಕಳಿಸುವುದು ಹೇಗೆ?

3 ಡಿಬಿ ಅಂದರೆ ಎರಡು ಪಟ್ಟು, 10 ಡಿಬಿ ಅಂದರೆ ಹತ್ತು ಪಟ್ಟು. ಇವೆರಡು ಗೊತ್ತಿದ್ದರೆ ಬಾಯಿಲೆಕ್ಕದಲ್ಲೇ ಅರ್ಧ ರೇಡಿಯೋ ಬರುತ್ತದೆ. 40 ವ್ಯಾಟಿನ ಬೇಸ್ ಸ್ಟೇಷನ್ 46 ಡಿಬಿಎಂ. ಸಾಮಾನ್ಯ ಫೋನ್ ಕಳಿಸುವುದು ಹೆಚ್ಚೆಂದರೆ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಎರಡರ ನಡುವೆ 23 ಡಿಬಿ ಅಂತರ, ಅಂದರೆ 200 ಪಟ್ಟು. ಫೋನಿನಲ್ಲಿ ಕಡ್ಡಿಗಳು ಚೆನ್ನಾಗಿಯೇ ಕಾಣುತ್ತವೆ, ಆದರೂ ಫೋಟೋ ಕಳಿಸಲು ಆಗುವುದಿಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಟವರ್ ಮಾತಾಡುವುದು ಫೋನಿಗೆ ಕೇಳಿಸುತ್ತಿದೆ, ಫೋನ್ ಮಾತಾಡುವುದು ಟವರಿಗೆ ಕೇಳಿಸುತ್ತಿಲ್ಲ. ನಾನು ಮೇಲೆ ಹೇಳಿದ ಲಾಗ್‌ನಲ್ಲಿ ರಿಪೋರ್ಟ್ ತಲುಪಿಲ್ಲದೆ ಇರಬಹುದು ಅಂದೆನಲ್ಲ, ಅದು ಬರುವುದೂ ಇಲ್ಲಿಂದಲೇ.

ಆರ್‌ಎಸ್‌ಆರ್‌ಪಿ ಮತ್ತು ಆರ್‌ಎಸ್‌ಎಸ್‌ಐ ನಡುವೆ ಗೊಂದಲ ಇನ್ನೂ ಜಾಸ್ತಿ. ಎಲ್‌ಟಿಇಯಲ್ಲಿ ಆರ್‌ಎಸ್‌ಆರ್‌ಪಿ ಅಳೆಯುವುದು 15 ಕಿಲೋಹರ್ಟ್ಸ್ ಅಗಲದ ಒಂದು ಸಬ್‌ಕ್ಯಾರಿಯರ್ ಮೇಲಿನ ರೆಫರೆನ್ಸ್ ಸಿಗ್ನಲ್ ಅನ್ನು. ಆರ್‌ಎಸ್‌ಎಸ್‌ಐ ಪೂರ್ತಿ ಬ್ಯಾಂಡ್‌ವಿಡ್ತಿನದ್ದು, ಅದರಲ್ಲಿ ಪಕ್ಕದ ಸೆಲ್‌ಗಳ ಗದ್ದಲವೂ ಸೇರಿರುತ್ತದೆ. 20 ಮೆಗಾಹರ್ಟ್ಸ್ ಕ್ಯಾರಿಯರ್‌ನಲ್ಲಿ 1200 ಸಬ್‌ಕ್ಯಾರಿಯರ್ ಇವೆ. ಅದೊಂದೇ ಸುಮಾರು 31 ಡಿಬಿ ವ್ಯತ್ಯಾಸ ತರುತ್ತದೆ. ಇದು ಗೊತ್ತಿಲ್ಲದವರು ಒಂದು ಉಪಕರಣ ಮೈನಸ್ 100 ತೋರಿಸಿತು, ಇನ್ನೊಂದು ಮೈನಸ್ 70 ತೋರಿಸಿತು, ಯಾವುದೋ ಒಂದು ಕೆಟ್ಟಿದೆ ಅನ್ನುತ್ತಾರೆ. ಎರಡೂ ಸರಿ ಇರುತ್ತವೆ.

ಪಾತ್ ಲಾಸ್, ಅಂದರೆ ಸಿಗ್ನಲ್ ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿ, ಅದರ ಲೆಕ್ಕವನ್ನೂ ಕೈಯಿಂದ ಮಾಡಿಸಿ, ದಯವಿಟ್ಟು. ಫ್ರೀಸ್ ಅನ್ನುವ ರೇಡಿಯೋ ಎಂಜಿನಿಯರ್ 1946ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬೇಕು. ಅಡ್ಡಿಯೇ ಇಲ್ಲದ ಬಯಲಿನಲ್ಲಿ 1 ಕಿಲೋಮೀಟರ್ ದೂರಕ್ಕೆ 900 ಮೆಗಾಹರ್ಟ್ಸ್‌ನಲ್ಲಿ ನಷ್ಟ ಸುಮಾರು 91.5 ಡಿಬಿ. 3500 ಮೆಗಾಹರ್ಟ್ಸ್‌ನಲ್ಲಿ 103.3. ಹತ್ತಿರ ಹತ್ತಿರ 12 ಡಿಬಿ ಜಾಸ್ತಿ, ಅಂದರೆ ತಲುಪುವ ಶಕ್ತಿ 15 ಪಟ್ಟು ಕಡಿಮೆ. 28 ಗಿಗಾಹರ್ಟ್ಸ್‌ಗೆ ಹೋದರೆ 121ಕ್ಕಿಂತ ಜಾಸ್ತಿ. ಲೆಕ್ಕ ಮಾಡಿಸಿದಮೇಲೆ ‘ಯಾಕೆ?’ ಅಂತ ಕೇಳಿ. ಹೆಚ್ಚಿನವರು ಎತ್ತರದ ಫ್ರೀಕ್ವೆನ್ಸಿಯನ್ನು ಗಾಳಿ ಹೀರಿಕೊಳ್ಳುತ್ತದೆ ಅನ್ನುತ್ತಾರೆ. ಈ ಸೂತ್ರದಲ್ಲಿ ಗಾಳಿಯ ಮಾತೇ ಇಲ್ಲ. ಫ್ರೀಕ್ವೆನ್ಸಿ ಏರಿದ ಹಾಗೆ ಅಷ್ಟೇ ಗೇನ್ (ಒಂದು ದಿಕ್ಕಿಗೆ ಶಕ್ತಿ ಕೂಡಿಸುವ ಗುಣ) ಇರುವ ಆಂಟೆನಾದ ಗಾತ್ರ ಕುಗ್ಗುತ್ತದೆ, ಅದು ಹಿಡಿಯುವ ಶಕ್ತಿಯೂ ಕುಗ್ಗುತ್ತದೆ. ಇದು ತಲೆಗೆ ಹೋದರೆ ಮುಂದಿನದ್ದೂ ತಾನಾಗಿಯೇ ಹೊಳೆಯುತ್ತದೆ. ಆಂಟೆನಾ ಚಿಕ್ಕದಾದರೆ ಅದೇ ಜಾಗದಲ್ಲಿ ಹಲವನ್ನು ಜೋಡಿಸಬಹುದು. 3500ರಲ್ಲಿ 64 ಟ್ರಾನ್ಸ್‌ಮಿಟರ್‌ಗಳ ಮ್ಯಾಸಿವ್ ಮೈಮೋ ಪ್ಯಾನೆಲ್ ಯಾಕೆ ಬಂತು ಅನ್ನುವುದಕ್ಕೆ ಉತ್ತರದ ದೊಡ್ಡ ಭಾಗ ಇದೇ. ನಿಮ್ಮ ಸ್ಲೈಡ್‌ನಲ್ಲಿ ಅದೊಂದು ಹೊಸ ಫೀಚರ್ ಅಂತ ಬರೆದಿರುತ್ತದೆ. ವಿದ್ಯಾರ್ಥಿ ಉರು ಹೊಡೆಯುತ್ತಾನೆ. ಲೆಕ್ಕ ಮಾಡಿದವನಿಗೆ ಉರು ಹೊಡೆಯುವ ಅಗತ್ಯವೇ ಬರುವುದಿಲ್ಲ.

ನಾಯ್ಸ್ ಕೂಡ ಹೀಗೆಯೇ. ಕೋಣೆಯ ಉಷ್ಣತೆಯಲ್ಲಿ ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ ಗದ್ದಲ ಪ್ರಕೃತಿಯಿಂದಲೇ ಬರುತ್ತದೆ. 20 ಮೆಗಾಹರ್ಟ್ಸ್ ಅಗಲಕ್ಕೆ ಅದು ಮೈನಸ್ 101, 100 ಮೆಗಾಹರ್ಟ್ಸ್‌ಗೆ ಮೈನಸ್ 94. ಕ್ಯಾರಿಯರ್ ಅಗಲ ಮಾಡಿದರೆ ವೇಗದ ಜೊತೆ ಗದ್ದಲವೂ ಹೆಚ್ಚುತ್ತದೆ. ಗಣಿತಜ್ಞ ಶಾನನ್ 1948ರಲ್ಲಿ ಹಾಕಿಕೊಟ್ಟ ವೇಗದ ಮಿತಿಯನ್ನು ಇದರ ಪಕ್ಕದಲ್ಲಿ ಇಟ್ಟು ಕಲಿಸಿ. 20 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ಲೂ ಗದ್ದಲವೂ ಸಮ ಇದ್ದರೆ ಒಂದು ಸ್ಟ್ರೀಮಿಗೆ ಸೆಕೆಂಡಿಗೆ 20 ಮೆಗಾಬಿಟ್. ಸಿಗ್ನಲ್ ನೂರು ಪಟ್ಟು ಜಾಸ್ತಿ ಆದರೂ ಸುಮಾರು 133. ನೂರು ಪಟ್ಟು ಶಕ್ತಿಗೆ ಏಳು ಪಟ್ಟು ವೇಗವೂ ಸಿಗುವುದಿಲ್ಲ. ಪವರ್ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ತಪ್ಪು ಕಲ್ಪನೆ ಇಲ್ಲಿಗೆ ಮುಗಿಯುತ್ತದೆ.

ನಿಮ್ಮ ಜಾಹೀರಾತುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. 5ಜಿ ಅಂದರೆ 20 ಗಿಗಾಬಿಟ್ ವೇಗ, 1 ಮಿಲಿಸೆಕೆಂಡ್ ವಿಳಂಬ ಅಂತ ಬರೆಯುತ್ತೀರಿ. ತರಗತಿಯಲ್ಲೂ ಅದನ್ನೇ ಹೇಳುತ್ತೀರಿ. ಈ ಅಂಕಿಗಳು ಬಂದದ್ದು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2017ರಲ್ಲಿ ಪ್ರಕಟಿಸಿದ ಐಎಂಟಿ-2020 (ಅಂದರೆ 5ಜಿ) ಅಗತ್ಯಗಳ ಪಟ್ಟಿಯಿಂದ. ಅದೇ ಪಟ್ಟಿಯಲ್ಲಿ, ದಟ್ಟ ನಗರದಲ್ಲಿ ಬಳಕೆದಾರನಿಗೆ ಸಿಗಬೇಕಾದ ಡೌನ್‌ಲೋಡ್ ವೇಗ ಸೆಕೆಂಡಿಗೆ 100 ಮೆಗಾಬಿಟ್ ಅಂತಲೂ ಇದೆ. ಮಾಮೂಲಿ ಡೇಟಾ ಬಳಕೆಗೆ ರೇಡಿಯೋ ಭಾಗದ ವಿಳಂಬ 4 ಮಿಲಿಸೆಕೆಂಡ್ ಅಂತ ಇದೆ. 20 ಗಿಗಾಬಿಟ್ ಅನ್ನುವುದು ಎಲ್ಲ ಪರಿಸ್ಥಿತಿ ಅನುಕೂಲವಾಗಿರುವಾಗಿನ ಗರಿಷ್ಠ. 1 ಮಿಲಿಸೆಕೆಂಡ್ ಅನ್ನುವುದು ಯುಆರ್‌ಎಲ್‌ಎಲ್‌ಸಿ, ಅಂದರೆ ತಡವೂ ತಪ್ಪೂ ಆಗಬಾರದ ವಿಶೇಷ, ಬಳಕೆಗೆ. ವಿದ್ಯಾರ್ಥಿಗೆ ಪೂರ್ತಿ ಪಟ್ಟಿ ತೋರಿಸಿ. ಮುಂದೆ ಒಬ್ಬ ಗ್ರಾಹಕ ‘ನನಗೆ 80 ಮೆಗಾಬಿಟ್ ಬರುತ್ತಿದೆ, ಮೋಸ ಆಗಿದೆ’ ಅಂದಾಗ ಉತ್ತರ ಕೊಡಬೇಕಾದವರು ಅವರೇ ಅಲ್ವಾ?

ಮೂಲ ದಾಖಲೆ ಓದಿಸುವ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ. ಮೊಬೈಲ್ ನೆಟ್‌ವರ್ಕ್‌ಗಳ ಸ್ಟ್ಯಾಂಡರ್ಡ್ ಬರೆಯುವ ಒಕ್ಕೂಟ 3ಜಿಪಿಪಿ 1998ರಲ್ಲಿ ಶುರುವಾಯಿತು. 3ಜಿಯಿಂದ ಹಿಡಿದು ಎಲ್‌ಟಿಇ ಬಂದ ರಿಲೀಸ್ 8, 5ಜಿ ರೇಡಿಯೋ ಬಂದ ರಿಲೀಸ್ 15, 5ಜಿ ಅಡ್ವಾನ್ಸ್‌ಡ್ ಶುರುವಾದ ರಿಲೀಸ್ 18ರವರೆಗೆ ಅದರ ಎಲ್ಲ ಸ್ಟ್ಯಾಂಡರ್ಡ್‌ಗಳೂ ಯಾರು ಬೇಕಾದರೂ ಬಿಟ್ಟಿ ಇಳಿಸಿಕೊಳ್ಳಬಹುದಾದ ಹಾಗೆ ಇವೆ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಎಂಜಿನಿಯರ್‌ಗಳು ಕೂತು, ಜಗಳ ಆಡಿ, ಒಪ್ಪಿಕೊಂಡು ಬರೆದ ಮಾತುಗಳು ಅವು. ಇಷ್ಟು ತೆರೆದಿರುವ ಕ್ಷೇತ್ರ ಬೇರೆ ಕಡೆ ಸುಲಭವಾಗಿ ಸಿಗದು. ಆದರೆ ದುಬಾರಿ ಫೀಸ್ ಕೊಟ್ಟು ಕೋರ್ಸ್ ಮಾಡಿದವರು ಒಂದು ಸಲವೂ ಅದನ್ನು ತೆರೆದು ನೋಡಿರುವುದಿಲ್ಲ. ಯಾರೋ ಮಾಡಿದ ಸ್ಲೈಡಿನ ಮೇಲೆ ಇನ್ಯಾರೋ ಮಾಡಿದ ಸ್ಲೈಡ್ ಓದುತ್ತಾರೆ. ಅದರಲ್ಲಿ ಹಳೆಯ ತಪ್ಪುಗಳೂ ಹಾಗೆಯೇ ಉಳಿದುಕೊಂಡು ಬರುತ್ತವೆ.

38.300 ಅನ್ನುವ ದಾಖಲೆಯಲ್ಲಿ 5ಜಿ ರೇಡಿಯೋದ ಒಟ್ಟು ಚಿತ್ರ ಇದೆ. 23.501ರಲ್ಲಿ ಇಡೀ ವ್ಯವಸ್ಥೆಯ ರಚನೆ ಇದೆ. ನಾನು ಹೇಳಿದ ಎ3, ಟಿ310 ಎಲ್ಲದರ ನಿಖರ ಅರ್ಥ 5ಜಿಗೆ 38.331ರಲ್ಲಿ, ಎಲ್‌ಟಿಇಗೆ 36.331ರಲ್ಲಿ ಸಿಗುತ್ತದೆ. ಇವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿಸಿ ಅಂತ ನಾನು ಹೇಳುತ್ತಿಲ್ಲ. ಅವು ಹಾಗೆ ಓದುವ ಬರಹಗಳೂ ಅಲ್ಲ. ಒಂದು ಮಧ್ಯಾಹ್ನ, ಲಾಗ್‌ನಲ್ಲಿ ಕಂಡ ಒಂದೇ ಒಂದು ಪ್ಯಾರಾಮೀಟರ್ ತೆಗೆದುಕೊಂಡು, ಅದು ಸ್ಟ್ಯಾಂಡರ್ಡ್‌ನಲ್ಲಿ ಎಲ್ಲಿದೆ ಅಂತ ಹುಡುಕಿಸಿ. ಆ ಪ್ಯಾರಾ ಒಟ್ಟಿಗೆ ಕೂತು ಓದಿ. ಭಾಷೆ ಒರಟು. ಮೊದಲ ಸಲ ಯಾರಿಗೂ ಅರ್ಥವಾಗುವುದಿಲ್ಲ. ಎರಡನೇ ಸಲ ಸ್ವಲ್ಪ ತೆರೆದುಕೊಳ್ಳುತ್ತದೆ. ಒಮ್ಮೆ ದಾರಿ ಗೊತ್ತಾದರೆ ಆ ವಿದ್ಯಾರ್ಥಿಗೆ ಮುಂದಿನ ತಲೆಮಾರಿನ ತಂತ್ರಜ್ಞಾನಕ್ಕೆ ಮತ್ತೆ ನಿಮ್ಮ ಕೋರ್ಸ್ ಬೇಕಾಗದೆ ಇರಬಹುದು. ಅದರಿಂದ ನಿಮಗೆ ನಷ್ಟ ಅನಿಸಬಹುದು. ಕಲಿಸುವವರ ಕೆಲಸ ಅದೇ ಅಂತ ನಾನು ನಂಬಿದ್ದೇನೆ.

‘ಲ್ಯಾಬ್ ಕಟ್ಟಲು ಕೋಟಿಗಟ್ಟಲೆ ಬೇಕು’ ಅನ್ನುವ ಉತ್ತರವನ್ನು ನಾನು ಬಹಳ ಸಲ ಕೇಳಿದ್ದೇನೆ. ಹಿಂದೆ ಅದು ನಿಜ ಇತ್ತು. ಈಗ ಅಲ್ಲ. ಓಪನ್5ಜಿಎಸ್ ಅನ್ನುವ ತೆರೆದ ಸಾಫ್ಟ್‌ವೇರ್ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಇಡೀ 5ಜಿ ಕೋರ್, ಅಂದರೆ ನೆಟ್‌ವರ್ಕಿನ ಕೇಂದ್ರ ಭಾಗ, ಓಡಿಸುತ್ತದೆ. ಯುಇರಾನ್‌ಸಿಮ್ ಅದಕ್ಕೆ ಹುಸಿ ಫೋನ್ ಮತ್ತು ಹುಸಿ ಬೇಸ್ ಸ್ಟೇಷನ್ ಒದಗಿಸುತ್ತದೆ. ಇದರಲ್ಲಿ ನಿಜವಾದ ರೇಡಿಯೋ ಭಾಗ ಇಲ್ಲ, ಅದು ಬೇಕಾದರೆ ಎಸ್‌ಆರ್‌ಎಸ್‌ರಾನ್ ಅಥವಾ ಓಪನ್ಏರ್‌ಇಂಟರ್‌ಫೇಸ್ ಇವೆ. ಪ್ಯಾಕೆಟ್ ನೋಡಲು ವೈರ್‌ಶಾರ್ಕ್. ಬೇಸ್ ಸ್ಟೇಷನ್ ಮತ್ತು ಕೋರ್ ನಡುವಿನ ಎನ್‌ಜಿಎಪಿ ಅನ್ನುವ ನಿಯಂತ್ರಣ ಸಂದೇಶಗಳು ಎಸ್‌ಸಿಟಿಪಿ ಅನ್ನುವ ಸಾಗಣೆ ಪ್ರೋಟೊಕಾಲ್‌ನ 38412 ಪೋರ್ಟ್‌ನಲ್ಲಿ ಹೋಗುತ್ತವೆ, ಬಳಕೆದಾರನ ಡೇಟಾ ಯುಡಿಪಿ ಅನ್ನುವ ಇನ್ನೊಂದರ 2152ರಲ್ಲಿ. ವೈರ್‌ಶಾರ್ಕ್ ಎರಡನ್ನೂ ಬಿಡಿಸಿ ತೋರಿಸುತ್ತದೆ. ಇದೆಲ್ಲಕ್ಕೂ ಸಾಫ್ಟ್‌ವೇರ್ ಖರ್ಚು ಇಲ್ಲ.

ಇದನ್ನು ಇಟ್ಟುಕೊಂಡು ಮಾಡಿಸಬಹುದಾದ ಪಾಠ ನೋಡಿ. ಮೊದಲು ಎಲ್ಲ ಸರಿಯಾಗಿ ಓಡಲಿ. ಫೋನ್ ನೋಂದಣಿ ಕೇಳುತ್ತದೆ, ದೃಢೀಕರಣ ನಡೆಯುತ್ತದೆ, ಭದ್ರತಾ ಹಂತ ಮುಗಿಯುತ್ತದೆ, ನೋಂದಣಿ ಒಪ್ಪಿಗೆ ಬರುತ್ತದೆ. ವಿದ್ಯಾರ್ಥಿ ಇದನ್ನು ವೈರ್‌ಶಾರ್ಕ್‌ನಲ್ಲಿ ಕಣ್ಣಾರೆ ನೋಡಲಿ. ಆಮೇಲೆ ಮೇಷ್ಟ್ರು ಅವರನ್ನು ಹೊರಗೆ ಕಳಿಸಿ ಒಂದೇ ಒಂದು ಕಡೆ ಕೆಡಿಸಲಿ. ಸಿಮ್‌ನ ರಹಸ್ಯ ಕೀಯಲ್ಲಿ ಒಂದು ಅಂಕಿ ಬದಲಾಯಿಸಿದರೆ ಫೋನ್ ಮ್ಯಾಕ್ ಫೇಲ್ಯೂರ್, ಅಂದರೆ ನೆಟ್‌ವರ್ಕಿನ ದೃಢೀಕರಣ ಹೊಂದುತ್ತಿಲ್ಲ, ಅನ್ನುತ್ತದೆ. ಡೇಟಾ ನೆಟ್‌ವರ್ಕಿನ ಹೆಸರು ತಪ್ಪಿಸಿದರೆ ನೋಂದಣಿ ಆಗುತ್ತದೆ, ಆದರೆ ಇಂಟರ್ನೆಟ್ ಸೆಷನ್ ಸಿಗುವುದಿಲ್ಲ. ಬೇಸ್ ಸ್ಟೇಷನ್ನಿನ ಪಿಎಲ್‌ಎಂಎನ್ (ಆಪರೇಟರ್‌ನ ಗುರುತಿನ ಸಂಖ್ಯೆ) ಬದಲಾಯಿಸಿದರೆ ಅದಕ್ಕೆ ಕೋರ್ ಜೊತೆ ಸಂಬಂಧವೇ ಬೆಳೆಯುವುದಿಲ್ಲ, ಫೋನಿನ ಸರದಿ ಬರುವುದೇ ಇಲ್ಲ. ವಿದ್ಯಾರ್ಥಿ ಒಳಗೆ ಬಂದು ಹುಡುಕಲಿ. ಸಿಕ್ಕಿದಾಗ ಅವರ ಮುಖದ ಮೇಲೆ ಬರುವ ಖುಷಿ ನೋಡಿ. ಎಎಂಎಫ್ (ನೋಂದಣಿ), ಎಸ್‌ಎಂಎಫ್ (ಸೆಷನ್), ಯುಪಿಎಫ್ (ಡೇಟಾ) ಅನ್ನುವ ಕೋರ್ ಭಾಗಗಳ ಹೆಸರುಗಳು ಆಮೇಲೆ ಮರೆಯುವುದೇ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ನಿಜವಾದ ರೇಡಿಯೋ ಉಪಕರಣ ಜೋಡಿಸಿದರೆ, ಪರವಾನಗಿ ಇಲ್ಲದೆ ಮೊಬೈಲ್ ಬ್ಯಾಂಡಿನಲ್ಲಿ ಗಾಳಿಗೆ ಸಿಗ್ನಲ್ ಬಿಡುವ ಹಾಗಿಲ್ಲ. ಕೇಬಲ್ ಮತ್ತು ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಮೂಲಕ ಜೋಡಿಸಿ, ಇಲ್ಲವೇ ಸಿಗ್ನಲ್ ಹೊರಗೆ ಹೋಗದ ಶೀಲ್ಡ್ ಪೆಟ್ಟಿಗೆಯೊಳಗೆ ಮಾಡಿ. ಸುಮ್ನೆ ಕೇಳಿಸಿಕೊಳ್ಳಲು ಆರ್‌ಟಿಎಲ್-ಎಸ್‌ಡಿಆರ್ ಥರದ ಅಗ್ಗದ ರಿಸೀವರ್ ಇದ್ದರೆ ಸ್ಪೆಕ್ಟ್ರಮ್ ಹೇಗೆ ಕಾಣುತ್ತದೆ ಅಂತ ತೋರಿಸಬಹುದು.

ಸೈಟಿನ ಕೆಲಸವನ್ನು ಕೆಳಗಿನ ದರ್ಜೆಯದ್ದು ಅಂತ ನೋಡುವ ಅಭ್ಯಾಸ ನಿಮ್ಮಲ್ಲಿ ಹಲವರಿಗೆ ಇದೆ. ಟವರ್ ಹತ್ತುವವರಿಗೆ ಬೇರೆ ಕೋರ್ಸ್, ಕಂಪ್ಯೂಟರ್ ಮುಂದೆ ಕೂರುವವರಿಗೆ ಬೇರೆ ಕೋರ್ಸ್. ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದೆ ಕೆಲಸ ಮಾಡುತ್ತಾರೆ. ಒಂದು ಸಡಿಲ ಕನೆಕ್ಟರ್ ಏನು ಮಾಡಬಲ್ಲದು ಅಂತ ನೋಡಿ. ಒಂದೇ ಕೇಬಲ್‌ನಲ್ಲಿ 935 ಮತ್ತು 960 ಮೆಗಾಹರ್ಟ್ಸ್‌ನ ಎರಡು ಬಲವಾದ ಸಿಗ್ನಲ್ ಹೋಗುತ್ತಿವೆ ಅಂದುಕೊಳ್ಳಿ. ಕನೆಕ್ಟರ್ ಸಡಿಲ ಇದ್ದರೆ, ಇಲ್ಲವೇ ಪಕ್ಕದ ಬೋಲ್ಟ್ ತುಕ್ಕು ಹಿಡಿದಿದ್ದರೆ, ಎರಡೂ ಬೆರೆತು ಹೊಸ ಫ್ರೀಕ್ವೆನ್ಸಿ ಹುಟ್ಟುತ್ತದೆ. 935ರ ಎರಡರಷ್ಟರಲ್ಲಿ 960 ಕಳೆದರೆ 910. ಅದು ಫೋನ್‌ಗಳು ಮಾತಾಡುವ ಬ್ಯಾಂಡ್! ಪಿಮ್ ಅನ್ನುವುದು ಇದನ್ನೇ. ಟವರಿನದ್ದೇ ಗದ್ದಲ ಟವರಿನ ಕಿವಿಯನ್ನು ಮುಚ್ಚುತ್ತದೆ. ಆಫೀಸಿನಲ್ಲಿ ಕೂತವರು ವಾರಗಟ್ಟಲೆ ಪ್ಯಾರಾಮೀಟರ್ ಬದಲಾಯಿಸುತ್ತಾ ಇರುತ್ತಾರೆ. ಟಾರ್ಕ್ ರೆಂಚ್ ಹಿಡಿದು ಕನೆಕ್ಟರ್ ಸರಿಯಾಗಿ ಬಿಗಿದಿದ್ದರೆ ಮುಗಿಯುತ್ತಿತ್ತು.

ಟವರಿನ ಗಡಿಯಾರಕ್ಕೆ ಸಮಯ ಕೊಡುವ ಜಿಪಿಎಸ್ ಆಂಟೆನಾ ಇನ್ನೊಂದು. 5ಜಿಯ ಹೆಚ್ಚಿನ ಮಿಡ್ ಬ್ಯಾಂಡ್ ನೆಟ್‌ವರ್ಕ್‌ಗಳು ಟಿಡಿಡಿ, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿ ಪ್ರಕಾರ ಕಳಿಸಿ ಕೇಳಿಸಿಕೊಳ್ಳುವಂಥವು. ಎಲ್ಲ ಟವರ್‌ಗಳ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದೂವರೆ ಭಾಗದೊಳಗೆ ಹೊಂದಿರಬೇಕು. ಬೆಳಕು ಸುಮಾರು 450 ಮೀಟರ್ ಹೋಗುವಷ್ಟು ಹೊತ್ತು ಅದು. ಒಂದು ಸೈಟಿನ ಗಡಿಯಾರ ತಪ್ಪಿದರೆ ಅದು ಬೇರೆಯವರು ಕೇಳಿಸಿಕೊಳ್ಳುವ ಹೊತ್ತಿನಲ್ಲಿ ಕೂಗಲು ಶುರು ಮಾಡುತ್ತದೆ. ತೊಂದರೆ ಕಾಣುವುದು ಸುತ್ತಲಿನ ಸೈಟ್‌ಗಳಲ್ಲಿ, ಮೂಲ ಇರುವುದು ನೀರು ಹೊಕ್ಕ ಒಂದು ಜಿಪಿಎಸ್ ಕೇಬಲ್‌ನಲ್ಲಿ. ಇದನ್ನು ಹುಡುಕಲು ಕೂತವರಿಗೂ ಹತ್ತಿದವರಿಗೂ ಒಂದೇ ಪಾಠ ಆಗಿರಬೇಕು.

ಸುರಕ್ಷತೆಯನ್ನು ಕೋರ್ಸಿನ ಕೊನೆಯ ಅರ್ಧ ಗಂಟೆಗೆ ತಳ್ಳಬೇಡಿ. ಹಾರ್ನೆಸ್ ಹಾಕಿ, ಎರಡು ಕೊಕ್ಕೆಗಳಲ್ಲಿ ಒಂದು ಯಾವಾಗಲೂ ಸಿಕ್ಕಿಸಿಯೇ ಇರುವ ಹಾಗೆ ಹತ್ತುವ ಅಭ್ಯಾಸ ನೆಲದ ಮೇಲೆಯೇ ಬರಬೇಕು. ಓಡುತ್ತಿರುವ ಆಂಟೆನಾ ಮುಂದೆ ನಿಲ್ಲಬಾರದು, ಹತ್ತುವ ಮೊದಲು ಪವರ್ ಇಳಿಸಲು ಕೇಳುವ ಹಕ್ಕು ತನಗಿದೆ ಅಂತ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಇದರಲ್ಲಿ ಫೇಲ್ ಆದವರಿಗೆ ಬೇರೆ ಎಷ್ಟೇ ಅಂಕ ಬಂದಿದ್ದರೂ ಸರ್ಟಿಫಿಕೇಟ್ ಕೊಡಬೇಡಿ.

ವೈ-ಫೈ ಬಗ್ಗೆ ಸ್ವಲ್ಪ. ಜಗತ್ತಿನ ಡೇಟಾದ ದೊಡ್ಡ ಪಾಲು ಅದರ ಮೇಲೆ ಹೋಗುತ್ತದೆ, ಆದರೆ ಟೆಲಿಕಾಂ ಕೋರ್ಸ್‌ಗಳಲ್ಲಿ ಅದಕ್ಕೆ ಜಾಗ ಇಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಚಾನೆಲ್‌ಗಳೇ ಯಾಕೆ, ದೂರದಲ್ಲಿ ಕೂತ ಒಂದು ನಿಧಾನದ ಸಾಧನ ಎಲ್ಲರ ಸಮಯವನ್ನೂ ಹೇಗೆ ನುಂಗುತ್ತದೆ, ಒಬ್ಬರಿಗೊಬ್ಬರು ಕೇಳಿಸದ ಎರಡು ಸಾಧನಗಳು ಹೇಗೆ ಡಿಕ್ಕಿ ಹೊಡೆಯುತ್ತವೆ ಅನ್ನುವುದನ್ನು ತರಗತಿಯಲ್ಲೇ ಅಳೆದು ತೋರಿಸಬಹುದು. ಕಲಿಯುವವರ ಜೇಬಿನಲ್ಲಿ ಇರುವ ಫೋನ್‌ಗಳೇ ಸಾಕು.

ಕೆಲಸ ಕೊಡುವವರೇ, ಈ ಪತ್ರ ನಿಮಗೂ ಅಂತ ಮೊದಲೇ ಹೇಳಿದ್ದೆ. ಕೋರ್ಸ್‌ಗಳು ಹೀಗಿರುವುದಕ್ಕೆ ನಮ್ಮ ಸಂದರ್ಶನಗಳೂ ಕಾರಣ. ನಾವು ‘ಇಎನ್‌ಡಿಸಿ ಪೂರ್ತಿ ಹೆಸರು ಹೇಳಿ’ ಅಂತ ಕೇಳುವ ತನಕ ಅವರು ಅದನ್ನೇ ಕಲಿಸುತ್ತಾರೆ. ಸಿಸಿಎನ್ಎ (ನೆಟ್‌ವರ್ಕಿಂಗ್), ಸಿಡಬ್ಲ್ಯುಎನ್ಎ (ವೈ-ಫೈ) ಥರದ ಸರ್ಟಿಫಿಕೇಟ್‌ಗಳಿಗೆ ಅವುಗಳದ್ದೇ ಬೆಲೆ ಇದೆ. ಉಪಕರಣ ಮಾಡುವ ಕಂಪನಿಗಳ ಸರ್ಟಿಫಿಕೇಟ್ ಅವರ ಉಪಕರಣದ ಮೆನು ಗೊತ್ತಿದೆ ಅಂತ ಹೇಳುತ್ತದೆ, ಅದೂ ಬೇಕು. ಆದರೆ ಸರ್ಟಿಫಿಕೇಟ್ ಎಣಿಸಿ ಜನರನ್ನು ಜರಡಿ ಹಿಡಿಯುವ ಮೊದಲು ಒಂದು ಪುಟದ ಲಾಗ್ ಕೊಟ್ಟು ಅರ್ಧ ಗಂಟೆ ಕೂರಿಸಿ. ಪೂರ್ತಿ ಸರಿಯಾದ ಉತ್ತರ ಬೇಕಿಲ್ಲ. ಅವರು ಯಾವ ಪ್ರಶ್ನೆ ಕೇಳುತ್ತಾರೆ ಅಂತ ನೋಡಿ.

ಫೀಸ್ ಕಟ್ಟಲು ಹೊರಟಿರುವ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಕೆಲಸ ಗ್ಯಾರಂಟಿ ಅನ್ನುವ ಮಾತಿಗೆ ಮರುಳಾಗಬೇಡಿ. ನಾನೇ ಕೈಯಾರೆ ಎಷ್ಟು ಗಂಟೆ ಕೆಲಸ ಮಾಡುತ್ತೇನೆ, ಕಲಿಸುವವರು ನೆಟ್‌ವರ್ಕ್‌ನಲ್ಲಿ ಕೆಲಸ ಮಾಡಿದವರಾ, ಲಾಗ್ ಓದಿಸುತ್ತೀರಾ ಅಂತ ಕೇಳಿ. ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ. ನಾನು ಮೇಲೆ ಹೆಸರಿಸಿದ ಸಾಫ್ಟ್‌ವೇರ್ ಮತ್ತು ದಾಖಲೆಗಳು ನಿಮಗೂ ತೆರೆದಿವೆ.

ಕಡೆಗೆ, ಲಾಗ್ ಎಲ್ಲಿಂದ ತರುವುದು ಅನ್ನುವ ಪ್ರಶ್ನೆ ಉಳಿಯುತ್ತದೆ. ಇದು ನಿಜವಾದ ತೊಡಕು. ನೆಟ್‌ವರ್ಕಿನ ಲಾಗ್‌ನಲ್ಲಿ ಜನರ ಗುರುತು ಇರುತ್ತದೆ. ಐಎಂಎಸ್‌ಐ (ಸಿಮ್‌ನ ಗುರುತಿನ ಸಂಖ್ಯೆ), ಫೋನ್ ನಂಬರ್, ಎಲ್ಲಿ ಓಡಾಡಿದರು ಅನ್ನುವುದು, ಎಲ್ಲವೂ. ಹಾಗೆಯೇ ಹಂಚುವ ಹಾಗಿಲ್ಲ. ಆದರೆ ಡ್ರೈವ್ ಟೆಸ್ಟ್ ಫೋನ್‌ಗಳು ಆಪರೇಟರ್‌ಗಳದ್ದೇ. ಅವುಗಳಲ್ಲಿ ಗ್ರಾಹಕರ ಮಾಹಿತಿ ಇಲ್ಲ. ಸೆಲ್ ಗುರುತು ಮತ್ತು ಸ್ಥಳದ ಅಂಕಿಗಳನ್ನು ಬದಲಾಯಿಸಿದರೆ ಸಂದೇಶಗಳ ಸರಪಳಿ ಹಾಗೆಯೇ ಉಳಿಯುತ್ತದೆ, ಪಾಠಕ್ಕೆ ಬೇಕಾದದ್ದು ಅಷ್ಟೇ. ಆಪರೇಟರ್‌ಗಳೇ, ಕಾರಣ ಪತ್ತೆಯಾಗಿ ಮುಗಿದುಹೋದ ದೋಷಗಳ ಇಂಥ ಲಾಗ್‌ಗಳನ್ನು, ಅವುಗಳ ಉತ್ತರದ ಜೊತೆ, ತರಬೇತಿ ಸಂಸ್ಥೆಗಳಿಗೆ ಕೊಡಿ. ಸಂಸ್ಥೆಗಳೇ, ಅವರು ಕೊಡುವ ತನಕ ಕಾಯಬೇಡಿ. ಓಪನ್5ಜಿಎಸ್‌ನಲ್ಲಿ ನೀವೇ ಕೆಡಿಸಿ ತಯಾರಿಸಿದ ಲಾಗ್‌ಗಳಿಂದ ಮುಂದಿನ ಬ್ಯಾಚಿಗೇ ಶುರು ಮಾಡಬಹುದು. ಹಾಗೆ ತಯಾರಿಸಿದ್ದನ್ನು ಬೇರೆ ಸಂಸ್ಥೆಗಳ ಜೊತೆಯೂ ಹಂಚಿಕೊಳ್ಳಿ. ಪರೀಕ್ಷೆ ಹೇಗಿರುತ್ತದೆ ಅಂತ ಸಿಲಬಸ್‌ನಲ್ಲೇ ಬರೆದು, ಮಾದರಿ ಲಾಗ್ ಒಂದನ್ನು ಅದರ ಜೊತೆ ಎಲ್ಲರಿಗೂ ಕಾಣುವ ಹಾಗೆ ಇಡಿ.

ಇಂತಿ ನಿಮ್ಮ,
ರೇಡಿಯೋ ನೆಟ್‌ವರ್ಕ್ ಕೆಲಸದ ಒಬ್ಬ ಎಂಜಿನಿಯರ್